ಕ್ಯಾಮೆರಾದಿಂದ ಇಳಿಯದ ಲೆನ್ಸ್

ಬೇಲೂರಿನ ಚೆನ್ನಕೇಶವ ಗುಡಿಗೆ ಮೊದಲ ಸಲ ಕ್ಯಾಮೆರಾ ಹಿಡಿದು ಹೋದಾಗ ನನ್ನ ಬಳಿ ಎರಡು ಲೆನ್ಸ್‌ಗಳಿದ್ದವು. ಕ್ಯಾಮೆರಾ ಜೊತೆಗೇ ಬಂದಿದ್ದ 18–55 ಒಂದು, ದೂರದ್ದಕ್ಕೆಂದು ಆಮೇಲೆ ಕೊಂಡ 55–250 ಇನ್ನೊಂದು. ಅಂಗಳದಲ್ಲಿ ನಿಂತು ಮೊದಲನೆಯದರಲ್ಲಿ ಇಡೀ ಗುಡಿಯನ್ನು ತೆಗೆದೆ. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರ ಕಡೆ ತಿರುಗಿದರೆ, ಪೂರ್ತಿ ಜೂಮ್ ಮಾಡಿದರೂ ಕನ್ನಡಿ ಹಿಡಿದ ದರ್ಪಣ ಸುಂದರಿ ಚೌಕಟ್ಟಿನ ನಡುವೆ ಪುಟ್ಟದಾಗಿಯೇ ಉಳಿದಳು. ಚೀಲ ತೆರೆದು ಲೆನ್ಸ್ ಬದಲಿಸಲು ಕೂತೆ. ಅಷ್ಟರಲ್ಲಿ ಪಕ್ಕದಲ್ಲೇ ಒಬ್ಬ ಅಜ್ಜಿ ಮೊಮ್ಮಗಳನ್ನು ಸೊಂಟಕ್ಕೆತ್ತಿಕೊಂಡು ಅದೇ ಮದನಿಕೆಯನ್ನು ಬೆರಳು ಮಾಡಿ ತೋರಿಸಿದರು. ಮಗು ಬಾಯಿ ತೆರೆದು ಮೇಲೆ ನೋಡಿತು. ನಾನು ಲೆನ್ಸ್ ಸಿಕ್ಕಿಸಿ ತಲೆ ಎತ್ತುವ ಹೊತ್ತಿಗೆ ಅವರು ಮುಂದೆ ಹೋಗಿಯಾಗಿತ್ತು.

ಮದನಿಕೆಯ ಫೋಟೊ ಸಿಕ್ಕಿತು. ಆದರೆ ಇವತ್ತಿಗೂ ಮನಸ್ಸಿನಲ್ಲಿ ಉಳಿದಿರುವುದು ಸಿಗದೆ ಹೋದ ಆ ಅಜ್ಜಿ, ಮೊಮ್ಮಗಳ ಚಿತ್ರ. ಹಾಗಾಗಿ ‘ಪ್ರವಾಸಕ್ಕೆ ಯಾವ ಲೆನ್ಸ್ ತಗೊಳ್ಳಲಿ?’ ಎಂದು ಯಾರೇ ಕೇಳಲಿ, ನನ್ನ ಉತ್ತರ ಒಂದೇ: ಕ್ಯಾಮೆರಾದಿಂದ ಇಳಿಸಬೇಕಾಗಿ ಬಾರದ ಲೆನ್ಸ್ ತಗೊಳ್ಳಿ. ಅದು ಅಂಗಡಿಯಲ್ಲಿರುವ ಅತಿ ದುಬಾರಿ ಲೆನ್ಸ್ ಆಗಬೇಕಿಲ್ಲ, ಅತಿ ಉದ್ದದ ಜೂಮ್ ಕೂಡ ಆಗಬೇಕಿಲ್ಲ.

ಅಂಕಿಯಲ್ಲಿ ಏನಿದೆ?

ಲೆನ್ಸ್ ಮೇಲೆ ಬರೆದಿರುವ 18, 55, 135 ಮುಂತಾದ ಅಂಕಿಗಳು ಫೋಕಲ್ ಲೆಂಗ್ತ್ ಅನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತವೆ. ಶಾಲೆಯ ವಿಜ್ಞಾನ ಪಾಠದಲ್ಲಿ ಓದಿದ ಸಂಗಮದೂರ ಇದೇ. ಹಂಪಿಯ ವಿರೂಪಾಕ್ಷ ಗುಡಿಯೊಳಗೆ ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕಿಂಡಿಯಿಂದ ಗೋಡೆ ದೂರವಾದಷ್ಟೂ ಬಿಂಬ ದೊಡ್ಡದಾಗುತ್ತದೆ. ಲೆನ್ಸ್‌ನಲ್ಲೂ ಹಾಗೆಯೇ. ಅಂಕಿ ದೊಡ್ಡದಾದಷ್ಟೂ ವಸ್ತು ದೊಡ್ಡದಾಗಿ ಕಾಣುತ್ತದೆ, ಸುತ್ತಲಿನದು ಚೌಕಟ್ಟಿನಿಂದ ಹೊರಗುಳಿಯುತ್ತದೆ.

ಬೇಲೂರಿನ ಅಂಗಳಕ್ಕೇ ಮರಳೋಣ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಪಿಎಸ್-ಸಿ ಸೆನ್ಸರ್‌ನ ಕ್ಯಾಮೆರಾ ಹಿಡಿದು ಗೋಡೆಯಿಂದ 10 ಮೀಟರ್ ದೂರ ನಿಂತರೆ, 18 ಎಂಎಂನಲ್ಲಿ 12ರಿಂದ 13 ಮೀಟರ್ ಅಗಲದ ಗೋಡೆ ಚೌಕಟ್ಟಿಗೆ ಬರುತ್ತದೆ. 55ಕ್ಕೆ ತಿರುಗಿಸಿದರೆ ಸುಮಾರು 4 ಮೀಟರ್. 135ಕ್ಕೆ ಹೋದರೆ ಒಂದೂಮುಕ್ಕಾಲು ಮೀಟರ್‌ಗೂ ಕಡಿಮೆ. ಅಂದರೆ ಮದನಿಕೆಯೊಬ್ಬಳು ಬಹುಪಾಲು ಚೌಕಟ್ಟನ್ನು ತುಂಬಿಕೊಳ್ಳುತ್ತಾಳೆ. ನಿಂತ ಜಾಗದಿಂದ ಕದಲದೆ, ಲೆನ್ಸ್ ಕಳಚದೆ, ಇಡೀ ಗುಡಿಯಿಂದ ಒಂದು ಶಿಲ್ಪದವರೆಗೆ ಹೋಗಿಬರಲು ಬೇಕಾದದ್ದು ಇಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಇದೆ. 35 ಎಂಎಂ ಫಿಲ್ಮ್‌ನ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಕ್ಯಾಮೆರಾಗೆ ಹೋಲಿಸಿದರೆ ಎಪಿಎಸ್-ಸಿ ಸೆನ್ಸರ್ ಚಿಕ್ಕದು. ಆದ್ದರಿಂದ ಲೆನ್ಸ್‌ನ ಅಂಕಿಯನ್ನು ನಿಕಾನ್, ಸೋನಿ, ಫ್ಯೂಜಿ ಕ್ಯಾಮೆರಾಗಳಲ್ಲಿ 1.5ರಿಂದಲೂ ಕ್ಯಾನನ್‌ನಲ್ಲಿ 1.6ರಿಂದಲೂ ಗುಣಿಸಿ ಓದಬೇಕು. 18 ಎಂಎಂ ಎಂದರೆ ಫುಲ್ ಫ್ರೇಮ್‌ನ 27 ಅಥವಾ 29ಕ್ಕೆ ಸಮ. ಫುಲ್ ಫ್ರೇಮ್‌ಗೆಂದೇ ಮಾಡಿದ 24–105 ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಎಪಿಎಸ್-ಸಿ ಕ್ಯಾಮೆರಾಗೆ ಹಾಕಿದರೆ ಅದು 36ರಿಂದ ಶುರುವಾದಂತೆ. ಮನೆಯೊಳಗೆ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ತೆಗೆಯಲು ಬೆನ್ನು ಗೋಡೆಗೆ ತಾಗಿದರೂ ಜಾಗ ಸಾಲುವುದಿಲ್ಲ. ದೂರದ ತುದಿ ಎಷ್ಟಿದೆ ಎಂದು ನೋಡುವ ಮೊದಲು ಹತ್ತಿರದ ತುದಿ 18 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂದು ನೋಡಬೇಕು.

ಎಷ್ಟು ದೂರ ಸಾಕು?

ಫೋಟೊ ಕ್ಯಾಮೆರಾಗಳಿಗೆ ಜೂಮ್ ಬಂದದ್ದು ಬಹಳ ಹಿಂದೇನಲ್ಲ. 35 ಎಂಎಂ ಫಿಲ್ಮ್‌ನ ಸ್ಥಿರಚಿತ್ರ ಕ್ಯಾಮೆರಾಗೆ ಮೊದಲ ಜೂಮ್ ಲೆನ್ಸ್ ಆದ 36–82ರ ಝೂಮಾರ್ ಅನ್ನು ಜರ್ಮನಿಯ ಫೋಯಿಗ್ಟ್‌ಲೆಂಡರ್ ಕಂಪನಿ ಹೊರತಂದದ್ದು 1959ರಲ್ಲಿ. 1992ರಲ್ಲಿ ಜಪಾನಿನ ಟ್ಯಾಮ್ರಾನ್ 28–200 ತಂದಾಗ ‘ಒಂದೇ ಲೆನ್ಸ್‌ನಲ್ಲಿ ಊರೆಲ್ಲ ಸುತ್ತಬಹುದು’ ಎಂಬ ಆಸೆ ಜನಸಾಮಾನ್ಯರಿಗೂ ಹುಟ್ಟಿತು. 2017ರಲ್ಲಿ ಅದೇ ಕಂಪನಿ 18–400 ತಂದಿತು: ಒಂದು ತುದಿಯಿಂದ ಇನ್ನೊಂದಕ್ಕೆ 22 ಪಟ್ಟು.

ಹಾಗಾದರೆ ಅದನ್ನೇ ಕೊಂಡರಾಯಿತಲ್ಲ ಎನ್ನಿಸುವುದು ಸಹಜ. ಆದರೆ ಉದ್ದ ಹೆಚ್ಚಾದಷ್ಟೂ ಬೇರೆ ಕಡೆ ತೆರಬೇಕಾದದ್ದು ಹೆಚ್ಚು. ಗಾಜಿನ ತುಣುಕುಗಳು ಹೆಚ್ಚಿ ತೂಕ ಏರುತ್ತದೆ. ಈ 18–400 ಮುಕ್ಕಾಲು ಕಿಲೋಗೆ ಹತ್ತಿರ. ದೂರದ ತುದಿಯಲ್ಲಿ ಬೆಳಕು ಕಡಿಮೆ, ಮೂಲೆಗಳು ಮೃದು. ಅರ್ಧ ದಿನ ಕೊರಳಲ್ಲಿ ನೇತುಹಾಕಿಕೊಂಡು ತಿರುಗಿದ ಮೇಲೆ ತೂಕವೇ ಫೋಟೊ ತೆಗೆಯುವ ಉತ್ಸಾಹವನ್ನು ತಿನ್ನತೊಡಗುತ್ತದೆ.

ಇದಕ್ಕೆ ನಡುವಿನ ದಾರಿ 18–135ರ ಗುಂಪು. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಕ್ಯಾನನ್ 18–135, ನಿಕಾನ್ 18–140. ಎರಡೂ ಸುಮಾರು ಅರ್ಧ ಕಿಲೋ. ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಸೋನಿ 18–135, ನಿಕಾನ್ ಜೆಡ್ 18–140, ಕ್ಯಾನನ್ ಆರ್‌ಎಫ್-ಎಸ್ 18–150. ಇವು ಮೂರೂ 300 ಗ್ರಾಂನ ಆಸುಪಾಸು. ಇವೆಲ್ಲದರಲ್ಲೂ ಕೈನಡುಕ ತಡೆಯುವ ವ್ಯವಸ್ಥೆ ಇದೆ. ಹಳ್ಳಿಯ ಜಾತ್ರೆ, ಮದುವೆ ಮನೆ, ಬೆಟ್ಟದ ತುದಿ, ಸಂತೆಯ ಮುಖಗಳು ಎಲ್ಲಕ್ಕೂ ಇದು ಸಾಕು. ರಂಗನತಿಟ್ಟಿನ ಹಕ್ಕಿಗಳೇ ನಿಮ್ಮ ಮುಖ್ಯ ಆಸೆಯಾಗಿದ್ದು, ಒಂದೇ ಲೆನ್ಸ್ ಕೊಳ್ಳಲು ಸಾಧ್ಯ ಎಂದಾದರೆ ಮಾತ್ರ 300, 400ರ ಕಡೆ ನೋಡುವುದು ನ್ಯಾಯ.

ಬೆಳಕಿನ ಮಾತು

ಲೆನ್ಸ್‌ನ ಇನ್ನೊಂದು ಅಂಕಿ ಎಫ್. ಇದು ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಎಫ್/5.6ಕ್ಕಿಂತ ಎಫ್/2.8 ನಾಲ್ಕು ಪಟ್ಟು ಬೆಳಕು ಬಿಡುತ್ತದೆ, ಎಫ್/1.8 ಸುಮಾರು 10 ಪಟ್ಟು. ಅಗ್ಗದ ಜೂಮ್‌ಗಳು 3.5ರಿಂದ ಶುರುವಾಗಿ ಜೂಮ್ ಮಾಡುತ್ತ ಹೋದಂತೆ 5.6 ಅಥವಾ 6.3ಕ್ಕೆ ಏರುತ್ತವೆ.

ಬಯಲಿನಲ್ಲಿ ಇದು ತೊಂದರೆಯಲ್ಲ. ಬೇಲೂರಿನ ನವರಂಗದ ಒಳಗೆ ಕಾಲಿಟ್ಟ ಕೂಡಲೇ ತೊಂದರೆ ಗೊತ್ತಾಗುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಹಾಗಾಗಿ ಅಲ್ಲಿ ನಮ್ಮನ್ನು ಕಾಯುವುದು ಲೆನ್ಸ್‌ನ ಕೈನಡುಕ ತಡೆ. 135 ಎಂಎಂನಲ್ಲಿ ಬರಿಗೈಯಲ್ಲಿ ಚಿತ್ರ ಅಲುಗದಿರಲು ಸೆಕೆಂಡಿನ 200ನೇ ಒಂದು ಭಾಗದ ವೇಗ ಬೇಕೆಂಬುದು ಹಳೆಯ ಲೆಕ್ಕ. ಈ ವ್ಯವಸ್ಥೆ ಇದ್ದರೆ ಅದಕ್ಕಿಂತ ಎಷ್ಟೋ ನಿಧಾನದ ವೇಗದಲ್ಲೂ ಕಲ್ಲಿನ ಕಂಬ ಸ್ಪಷ್ಟವಾಗಿ ಬರುತ್ತದೆ. ದೀಪ ಹೊತ್ತ ಮೈಸೂರು ಅರಮನೆಯೂ ಅಷ್ಟೇ.

ಆದರೆ ಅದು ತಡೆಯುವುದು ನಮ್ಮ ಕೈಯ ನಡುಕವನ್ನು ಮಾತ್ರ. ಎದುರಿಗಿರುವ ಡೊಳ್ಳು ಕುಣಿತದವರು, ಮನೆಯೊಳಗೆ ಓಡಾಡುವ ಮಗು ನಿಲ್ಲುವುದಿಲ್ಲವಲ್ಲ! ಅವರಿಗೆ ಬೇಕಾದದ್ದು ಬೆಳಕು. ಸೋನಿ, ಫ್ಯೂಜಿ ಬಳಕೆದಾರರಿಗೆ ಸಿಗ್ಮಾ 18–50 ಎಫ್/2.8, ಟ್ಯಾಮ್ರಾನ್ 17–70 ಎಫ್/2.8 ಈ ಕೊರತೆ ತುಂಬುತ್ತವೆ. ಸಿಗ್ಮಾ 300 ಗ್ರಾಂಗೂ ಕಡಿಮೆ, ಆದರೆ ಅದರಲ್ಲಿ ಕೈನಡುಕ ತಡೆ ಇಲ್ಲ. ಟ್ಯಾಮ್ರಾನ್‌ನಲ್ಲಿ ಇದೆ, ತೂಕ ಮಾತ್ರ ಅರ್ಧ ಕಿಲೋ ಮೀರುತ್ತದೆ. ಇವುಗಳ ಬೆಲೆ ಭಾರವೆನಿಸಿದವರಿಗೆ ನನ್ನ ಸಲಹೆ: 18–135 ಇಟ್ಟುಕೊಂಡು, ಜೂಮ್ ಇಲ್ಲದ 35 ಅಥವಾ 50 ಎಂಎಂನ ಪುಟ್ಟ ಎಫ್/1.8 ಲೆನ್ಸ್ ಒಂದನ್ನು ಚೀಲದ ಮೂಲೆಯಲ್ಲಿ ಇರಿಸಿಕೊಳ್ಳಿ. ಹಗಲಿಗೆ ಅದು, ರಾತ್ರಿಗೆ ಇದು.

ಹಳೆಯ ಫೋಟೊಗಳನ್ನು ಕೇಳಿ

ಹಣ ಕೊಡುವ ಮೊದಲು ಮಾಡಬೇಕಾದ ಒಂದು ಕೆಲಸಕ್ಕೆ ಕಾಸು ಖರ್ಚಿಲ್ಲ. ಪ್ರತಿ ಡಿಜಿಟಲ್ ಫೋಟೊದೊಳಗೆ ಅದನ್ನು ಎಷ್ಟು ಎಂಎಂನಲ್ಲಿ ತೆಗೆದದ್ದು ಎಂಬ ವಿವರ ಅಡಗಿರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ ಪ್ರಾಪರ್ಟೀಸ್ ತೆರೆದರೆ ಕಾಣುತ್ತದೆ. ಕಳೆದ ಎರಡು ಪ್ರವಾಸಗಳಲ್ಲಿ ನಿಮಗೆ ಇಷ್ಟವಾದ ನೂರು ಫೋಟೊ ಆರಿಸಿ, ಅಂಕಿಗಳನ್ನು ಹಾಳೆಯ ಮೇಲೆ ಬರೆದು ನೋಡಿ. ಹೆಚ್ಚಿನವು 18–35ರ ನಡುವೆ ಇದ್ದರೆ ಕ್ಯಾಮೆರಾ ಜೊತೆ ಬಂದ 18–55ರ ಕಿಟ್ ಲೆನ್ಸೇ ಸಾಕು. ಉಳಿದ ಹಣದಲ್ಲಿ ಇನ್ನೊಂದು ಊರು ನೋಡಿಬರಬಹುದು. 55ರ ತುದಿಯಲ್ಲೇ ರಾಶಿ ಬಿದ್ದಿದ್ದರೆ ನಿಮಗೆ ದೂರ ಸಾಲುತ್ತಿಲ್ಲ ಎಂದರ್ಥ. ಅಲುಗಿದ, ಕತ್ತಲಾದ ಫೋಟೊಗಳೇ ಹೆಚ್ಚಿದ್ದರೆ ನಿಮಗೆ ಬೇಕಿರುವುದು ಉದ್ದವಲ್ಲ, ಬೆಳಕು.

ಹಳೆಯದನ್ನು ಕೊಳ್ಳುವಾಗ

ಕ್ಯಾನನ್, ನಿಕಾನ್ ಎರಡೂ ಮಿರರ್‌ಲೆಸ್ ಕಡೆ ಹೊರಳಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಕಡಿಮೆ ಬಜೆಟ್‌ನವರಿಗೆ ಇದು ಒಳ್ಳೆಯ ಕಾಲ. ಕೊಳ್ಳುವ ಮುಂಚೆ ಲೆನ್ಸ್‌ನ ಮೌಂಟ್, ಅಂದರೆ ಕ್ಯಾಮೆರಾಗೆ ಸಿಕ್ಕಿಸುವ ಭಾಗ, ನಿಮ್ಮ ಕ್ಯಾಮೆರಾಗೆ ಹೊಂದುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ನಿಕಾನ್ ಡಿ3500, ಡಿ5600ರಂತಹ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲ. ಮೋಟಾರ್ ಲೆನ್ಸ್‌ನಲ್ಲೇ ಇರಬೇಕು.

ಲೆನ್ಸ್ ಕೈಗೆ ಬಂದಾಗ ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಂದೆರಡು ಧೂಳಿನ ಕಣ ಕಂಡರೆ ಹೆದರಬೇಕಿಲ್ಲ. ಜೇಡರ ಬಲೆಯ ಎಳೆಯಂತೆ ಬಿಳಿ ಗೆರೆಗಳು ಹರಡಿದ್ದರೆ ಅದು ಫಂಗಸ್, ಅಂದರೆ ಬೂಷ್ಟು. ಎಷ್ಟೇ ಅಗ್ಗವಾದರೂ ಅಂಥದ್ದನ್ನು ಬಿಟ್ಟುಬಿಡಿ. ಲೆನ್ಸ್ ಅನ್ನು ಕೆಳಮುಖ ಮಾಡಿ ಹಿಡಿದಾಗ ಕೊಳವೆ ತಾನೇ ಜಾರಿ ಇಳಿದರೆ ಸವೆದಿದೆ ಎಂದು ತಿಳಿಯಿರಿ. ಕೊನೆಗೆ ಗೋಡೆಗೆ ಒಂದು ದಿನಪತ್ರಿಕೆಯ ಪುಟ ಅಂಟಿಸಿ, ನೇರ ನಿಂತು, 18, 50, 135ರಲ್ಲಿ ಒಂದೊಂದು ಫೋಟೊ ತೆಗೆಯಿರಿ. ನಾಲ್ಕೂ ಮೂಲೆಯ ಅಕ್ಷರಗಳು ಹೆಚ್ಚುಕಡಿಮೆ ಒಂದೇ ತರಹ ಓದಲು ಬರಬೇಕು. ಮೂರು ಮೂಲೆ ಸ್ಪಷ್ಟವಿದ್ದು ಒಂದು ಮಸುಕಾಗಿದ್ದರೆ ಒಳಗಿನ ಗಾಜು ವಾಲಿರಬಹುದು. ಲೆನ್ಸ್ ಎಂದೋ ಬಿದ್ದಿದ್ದರೂ ಹೀಗಾಗುತ್ತದೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಲೆನ್ಸ್ ಅನ್ನು ಬೀರುವಿನೊಳಗೆ ಚೀಲದಲ್ಲೇ ಮುಚ್ಚಿಟ್ಟರೆ ಬೂಷ್ಟಿಗೆ ನಾವೇ ಹಾಸಿಗೆ ಹಾಸಿಕೊಟ್ಟಂತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ತುಂಬಿವೆ ಎಂದರ್ಥ. ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯ ಆರೈಕೆ ಎಂದರೆ ಲೆನ್ಸ್ ಅನ್ನು ಆಗಾಗ ಹೊರಗೆ ತೆಗೆದು ಬಳಸುವುದು.

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟು: ಎಪಿಎಸ್-ಸಿ ಕ್ಯಾಮೆರಾ ಇರುವ, ಒಂದೇ ಲೆನ್ಸ್‌ಗೆ ಹಣ ಹೊಂದಿಸುತ್ತಿರುವ ಹವ್ಯಾಸಿಗೆ ಕೈನಡುಕ ತಡೆ ಇರುವ 18–135 ಗುಂಪಿನ ಲೆನ್ಸ್ ಸರಿಯಾದ ಆಯ್ಕೆ, ಚೆನ್ನಾಗಿ ಪರೀಕ್ಷಿಸಿ ಕೊಂಡರೆ ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ನಾನು ಈಗ ಬೇಲೂರಿಗೆ ಒಯ್ಯುವುದು ಅದನ್ನೇ. ಮುಂದಿನ ಸಲ ನಿಮ್ಮ ಪಕ್ಕದಲ್ಲಿ ಯಾರೋ ಅಜ್ಜಿ ಮೊಮ್ಮಗಳಿಗೆ ಮದನಿಕೆಯನ್ನು ತೋರಿಸುವಾಗ ನಿಮ್ಮ ಲೆನ್ಸ್ ಕ್ಯಾಮೆರಾದ ಮೇಲೇ ಇರಲಿ.