ಆ ‘ಅಲೋ’ ಒತ್ತುವ ಮೊದಲು

ಇವತ್ತು ಡಬ್ಬಲ್ ಚೋಲ್ ಅಡಿಕೆಗೆ ಕ್ಯಾಂಪ್ಕೋ ರೇಟು ಎಷ್ಟು, ರಬ್ಬರಿಗೆ ಎಷ್ಟು? ಪುತ್ತೂರು, ಸುಳ್ಯ, ಕಡಬದ ಕೃಷಿಕರು ಮೊಬೈಲಲ್ಲಿ ಹುಡುಕುವುದು ಇದನ್ನೇ. ಹಾಗೆ ಹುಡುಕುವಾಗ ಯಾವುದೋ ವೆಬ್‌ಸೈಟ್ ಕೇಳುತ್ತದೆ: ನೋಟಿಫಿಕೇಶನ್ ಕಳಿಸಬಹುದಾ?

ಗಡಿಬಿಡಿಯಲ್ಲಿ ‘ಅಲೋ’ ಒತ್ತಿದಿರೋ, ಆ ಪುಟ ಮುಚ್ಚಿದ ಮೇಲೂ ಸಂದೇಶ ಬರುತ್ತಲೇ ಇರುತ್ತದೆ. ಲೋನ್, ಲಾಟರಿ, ‘ನಿಮ್ಮ ಫೋನಿಗೆ ವೈರಸ್’ ಅಂತ ಬಂದರೆ ಹೆದರಬೇಡಿ, ಅದನ್ನು ಒತ್ತಲೂ ಬೇಡಿ. ಹೆಚ್ಚಾಗಿ ನೀವು ಅನುಮತಿ ಕೊಟ್ಟ ಸೈಟೇ ಅದನ್ನು ಕಳಿಸುತ್ತಿರುತ್ತದೆ.

ನಿಲ್ಲಿಸುವುದು ಹೀಗೆ. ಕ್ರೋಮ್ ತೆರೆಯಿರಿ. ಮೂರು ಚುಕ್ಕಿ ಒತ್ತಿ. ಸೆಟ್ಟಿಂಗ್ಸ್, ಆಮೇಲೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಅಲ್ಲಿದೆ. ಗುರುತಿಲ್ಲದ್ದನ್ನೆಲ್ಲ ಬ್ಲಾಕ್ ಮಾಡಿ. ಯಾವ ಸೈಟೂ ಇನ್ನು ಕೇಳುವುದೇ ಬೇಡವೆಂದರೆ, ಅದನ್ನೂ ಅಲ್ಲೇ ಆಫ್ ಮಾಡಬಹುದು.

ನೆನಪಿಡಿ: ರೇಟು ನೋಡಲು ಈ ಅನುಮತಿ ಬೇಕಿಲ್ಲ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದರೆ ಅದು ಮೋಸ.

ಅಪ್ಪ, ಅಮ್ಮ, ಅಜ್ಜನ ಫೋನನ್ನೂ ಇವತ್ತೇ ನೋಡಿಕೊಡಿ. ಇಂಥ ಮೋಸದಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.