ಗುರುತ್ವದ ಅಲೆ, ವಿದ್ಯುತ್ತಿನ ಅಲೆ

ಮಂಡ್ಯದಿಂದಾಗಲಿ ಮದ್ದೂರಿನಿಂದಾಗಲಿ ಮಳವಳ್ಳಿಯ ಮಾರ್ಗವಾಗಿ ಶಿವನಸಮುದ್ರಕ್ಕೆ ಹೋದವರು ಗಗನಚುಕ್ಕಿಯ ಜಲಪಾತವನ್ನು ಕಂಡು ಮೈಮರೆಯುವುದು ಸಹಜ. ಅದಕ್ಕೆ ಸಮೀಪದಲ್ಲಿ, ನಮ್ಮ ಜನ ಬ್ಲಫ್ ಎಂದು ಕರೆಯುವ ಎಡೆಯಲ್ಲಿ, ಒಂದು ವಿದ್ಯುದಾಗಾರವಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ಕಾವೇರಿಯ ನೀರನ್ನು ಕೆಳಕ್ಕೆ ಎಳೆಯುವುದು ಭೂಮಿಯ ಗುರುತ್ವಾಕರ್ಷಣೆ. ಕೊನೆಗೆ ತಂತಿಯಲ್ಲಿ ಹರಿಯುವುದು ವಿದ್ಯುತ್ತು. ಹಾಗಾದರೆ ಗುರುತ್ವವೇ ವಿದ್ಯುತ್ತಾಗಿ ಮಾರ್ಪಟ್ಟಿತೆ? ಇವೆರಡರ ನಡುವೆ ನೇರವಾದ ನಂಟು ಉಂಟೆ?

ಅವಸರದಲ್ಲಿ ಉತ್ತರ ಹೇಳುವಂತಿಲ್ಲ. ವಿದ್ಯುದಾಗಾರದಲ್ಲಿ ನಡೆಯುವುದು ಇಷ್ಟು: ಬೀಳುವ ನೀರು ಟರ್ಬೈನಿನ ಚಕ್ರವನ್ನು ತಿರುಗಿಸುತ್ತದೆ. ಚಕ್ರದೊಡನೆ ಜನರೇಟರ್ ತಿರುಗುತ್ತದೆ. ಅಲ್ಲಿ ಕಾಂತಕ್ಕೂ ತಂತಿಯ ಸುರುಳಿಗೂ ನಡುವಣ ಚಲನೆಯಿಂದ ವಿದ್ಯುತ್ತು ಹುಟ್ಟುತ್ತದೆ. ಗುರುತ್ವ ಒದಗಿಸಿದ್ದು ನೀರಿಗೆ ವೇಗವನ್ನು ಮಾತ್ರ. ಆಲೆಮನೆಯ ಗಾಣಕ್ಕೆ ಎತ್ತು ಕಟ್ಟಿದಂತೆ ಒಂದು ಸಣ್ಣ ಜನರೇಟರಿಗೆ ಎತ್ತು ಕಟ್ಟಿ ತಿರುಗಿಸಿದ್ದರೂ ಒಂದಿಷ್ಟು ವಿದ್ಯುತ್ತು ಹುಟ್ಟುತ್ತಿತ್ತು. ಆದುದರಿಂದ ಇದು ನೇರ ಸಂಬಂಧವಲ್ಲ. ಶಕ್ತಿ ಕೈಯಿಂದ ಕೈಗೆ ದಾಟಿದ ಬಗೆ.

ನಡುವೆ ನೀರೂ ಚಕ್ರವೂ ಇಲ್ಲದೆ ಗುರುತ್ವದಿಂದಲೇ ವಿದ್ಯುತ್ತು ಹುಟ್ಟಬಹುದೇ ಎಂದು ಮೊದಲು ಪರೀಕ್ಷಿಸಿದವರಲ್ಲಿ ಪ್ರಮುಖನಾದವನು ಮೈಕೆಲ್ ಫ್ಯಾರಡೆ. ಜನರೇಟರಿನ ಮೂಲತತ್ತ್ವವನ್ನು 1831ರಲ್ಲಿ ಕಂಡುಹಿಡಿದವನೂ ಅವನೇ. 1849ರಲ್ಲಿ ಅವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತಂತಿಯ ಸುರುಳಿಗಳನ್ನು ಎತ್ತರದಿಂದ ಬೀಳಿಸಿ, ಬೀಳುವಾಗ ಅವುಗಳಲ್ಲಿ ವಿದ್ಯುತ್ತು ಸುಳಿಯುವುದೋ ಎಂದು ನೋಡಿದ. ಏನೂ ಸುಳಿಯಲಿಲ್ಲ. ಫಲ ಶೂನ್ಯವೆಂಬುದನ್ನು ಅವನು ಮರೆಮಾಚದೆ ಪ್ರಕಟಿಸಿದ; ಆದರೂ ಸಂಬಂಧವೊಂದು ಇದ್ದೇ ತೀರಬೇಕೆಂಬ ನಂಬಿಕೆಯನ್ನು ಬಿಡಲಿಲ್ಲ.

ಮುಂದೆ ಎರಡೂ ಕಡೆ ಅಲೆಗಳು ಕಾಣಿಸಿಕೊಂಡುವು. ಬೆಳಕೆಂಬುದು ವಿದ್ಯುತ್ಕಾಂತ ಅಲೆಯೆಂದು ಮ್ಯಾಕ್ಸ್‌ವೆಲ್ 1865ರಲ್ಲಿ ಗಣಿತದಿಂದ ತೋರಿಸಿದ. ನಿಮ್ಮ ಮನೆಯ ರೇಡಿಯೋಗೆ ಮಾತನ್ನು ಹೊತ್ತು ತರುವುದೂ ಅದೇ ಕುಲದ ಅಲೆ. 1915ರಲ್ಲಿ ಐನ್‌ಸ್ಟೈನ್ ಗುರುತ್ವವೆಂದರೆ ದೇಶ-ಕಾಲಗಳ ಬಾಗುವಿಕೆ ಎಂದು ಹೇಳಿ, ಮರುವರ್ಷವೇ ಆ ಬಾಗುವಿಕೆಯಲ್ಲಿಯೂ ಅಲೆಗಳು ಏಳಬಲ್ಲವೆಂದು ತರ್ಕಿಸಿದ. ಇವುಗಳ ವೇಗವೂ ಬೆಳಕಿನ ವೇಗವೇ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್.

ವೇಗ ಒಂದಾದ ಮಾತ್ರಕ್ಕೆ ಅಲೆಗಳು ಒಂದೇ ಆಗಲಾರವು. ವಿಶ್ವೇಶ್ವರಯ್ಯ ನಾಲೆಯ ನೀರಿನ ಮೇಲೆ ಏಳುವ ತೆರೆ ಒಂದು ಬಗೆ. ಆ ನಾಲೆಯ ಏರಿಯೇ ನಡುಗುವುದು ಮತ್ತೊಂದು ಬಗೆ. ವಿದ್ಯುತ್ಕಾಂತ ಅಲೆ ದೇಶದಲ್ಲಿ ಸಾಗುವಂಥದು. ಗುರುತ್ವದ ಅಲೆ ದೇಶದ್ದೇ ಕಂಪನ. ಮೊದಲನೆಯದನ್ನು ಧೂಳೂ ಮೋಡವೂ ಗೋಡೆಯೂ ತಡೆಯಬಲ್ಲವು. ಎರಡನೆಯದು ಇಡೀ ಭೂಮಿಯನ್ನೇ ಹಾಯ್ದು ಹೋಗುತ್ತದೆ. ಆದರೆ ಅದರ ಪರಿಣಾಮ ಅತಿ ಸೂಕ್ಷ್ಮ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳು ಅದನ್ನು ಮೊದಲು ಗುರುತಿಸಿದಾಗ, 4 ಕಿಲೋಮೀಟರ್ ಉದ್ದದ ತೋಳುಗಳಲ್ಲಿ ಆದ ವ್ಯತ್ಯಾಸ ಒಂದು ಪ್ರೋಟಾನಿನ ವ್ಯಾಸದ ನೂರಾರು ಪಾಲುಗಳಲ್ಲಿ ಒಂದರಷ್ಟು. ಅದನ್ನು ಅಳೆದ ಕೋಲು ಲೇಸರ್ ಬೆಳಕು. ಗುರುತ್ವದ ಅಲೆಗೆ ಸಾಕ್ಷಿ ಹೇಳಿದ್ದು ವಿದ್ಯುತ್ಕಾಂತ ಅಲೆಯೇ ಎಂಬುದನ್ನು ಗಮನಿಸಬೇಕು.

ಅಂದಿನ ಅಲೆ ಎರಡು ಕಪ್ಪುಕುಳಿಗಳು ಕೂಡಿದಾಗ ಹುಟ್ಟಿದ್ದು. ಕಲಕಿದ ಕಪ್ಪುಕುಳಿ ಬಡಿದ ಘಂಟೆಯಂತೆ ಮಿಡಿದು, ಆ ನಾದ ಕ್ರಮವಾಗಿ ಅಡಗುತ್ತದೆಂದು 1970ರಲ್ಲಿಯೇ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನವರೇ ಆದ ಸಿ. ವಿ. ವಿಶ್ವೇಶ್ವರ. 2017ರ ಜನವರಿಯಲ್ಲಿ ತೀರಿಕೊಂಡ ಅವರು, ಅಲೆ ಸಿಕ್ಕಿತೆಂಬ 2016ರ ಘೋಷಣೆಯನ್ನು ಕೇಳಿದ್ದರೆಂಬುದು ನಮಗೆ ಸಮಾಧಾನದ ಸಂಗತಿ.

ಅವರು ತೀರಿಕೊಂಡ ವರ್ಷದಲ್ಲಿಯೇ, ಆಗಸ್ಟ್ 17ರಂದು, ಎರಡು ಅಲೆಗಳೂ ಒಂದೇ ಮನೆಯಿಂದ ಬಂದುವು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಒಂದರ ಮೇಲೊಂದು ಬಿದ್ದಿದ್ದುವು. ಗುರುತ್ವದ ಅಲೆ ಮುಗಿದ 1.7 ಸೆಕೆಂಡಿಗೆ ಗಾಮಾ ಕಿರಣಗಳು ತಲುಪಿದುವು. 13 ಕೋಟಿ ವರ್ಷಗಳ ಪಯಣದಲ್ಲಿ ಎರಡು ಸೆಕೆಂಡಿಗೂ ಕಡಮೆ ಅಂತರ! ಎರಡರ ವೇಗದಲ್ಲಿ ವ್ಯತ್ಯಾಸವಿದ್ದರೂ ಅದು ಹತ್ತು ಕೋಟಿ ಕೋಟಿಯಲ್ಲಿ ಕೆಲವು ಪಾಲುಗಳನ್ನು ಮೀರದೆಂದು ಇದರಿಂದ ತಿಳಿಯಿತು.

ಹೀಗೆ ಜೊತೆಯಾಗಿ ಸಾಗುವ ಅಲೆಗಳು ಒಂದು ಮತ್ತೊಂದಾಗಬಲ್ಲವೆ? ಸಿದ್ಧಾಂತ ಹೌದೆನ್ನುತ್ತದೆ. 1962ರಲ್ಲಿ ಸೋವಿಯತ್ ವಿಜ್ಞಾನಿ ಗೆರ್ಟ್‌ಸೆನ್‌ಶ್ಟೈನ್, ಪ್ರಬಲವಾದ ಕಾಂತಕ್ಷೇತ್ರವನ್ನು ಹಾಯುವ ಬೆಳಕಿನ ಅಲೆಯ ಅತ್ಯಲ್ಪ ಅಂಶ ಗುರುತ್ವದ ಅಲೆಯಾಗಬೇಕೆಂದು ತೋರಿಸಿದ. ಇದರ ವಿಪರ್ಯಾಸ, ಗುರುತ್ವದ ಅಲೆ ವಿದ್ಯುತ್ಕಾಂತ ಅಲೆಯಾಗುವುದೂ, ಅಷ್ಟೇ ಸಾಧ್ಯ. ಎರಡಕ್ಕೂ ವೇಗ ಒಂದೇ ಆದುದರಿಂದ ಹೆಜ್ಜೆ ತಪ್ಪುವುದಿಲ್ಲ. ದಾರಿ ಉದ್ದವಾದಷ್ಟೂ ಮಾರ್ಪಾಟು ಕೂಡುತ್ತಾ ಹೋಗುತ್ತದೆ. ಆದರೆ ಕೂಡುವ ಮೊತ್ತ ಎಷ್ಟು ಅಲ್ಪವೆಂದರೆ, ಈವರೆಗೆ ಯಾವ ಉಪಕರಣಕ್ಕೂ ಅದು ಸಿಕ್ಕಿಲ್ಲ. ಫ್ಯಾರಡೆಯ ಸುರುಳಿಗಳು ಮೌನವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ನಂಟು ಇದೆಯೆಂಬ ಅವನ ಊಹೆ ಪೂರ್ತಿ ಸುಳ್ಳಾಗಲಿಲ್ಲ. ಅದು ಅವನು ಹುಡುಕಿದ ಎಡೆಯಲ್ಲಿ, ಅವನು ಎಣಿಸಿದ ರೂಪದಲ್ಲಿ ಇರಲಿಲ್ಲ.

ಗುರುತ್ವದಿಂದ ನೇರವಾಗಿ ಮನೆಯ ದೀಪ ಹೊತ್ತಿಸುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಹಾಗೆಂದು ಎರಡಕ್ಕೂ ಏನೇನೂ ಸಂಬಂಧವಿಲ್ಲವೆನ್ನುವುದೂ ಸರಿಯಲ್ಲ. 2017ರ ಆ ಘಟನೆಯ ಬೆಳಕನ್ನು ಪರೀಕ್ಷಿಸಿದವರಿಗೆ ಭಾರವಾದ ಧಾತುಗಳು ಆಗತಾನೆ ಹುಟ್ಟಿದ ಕುರುಹುಗಳು ದೊರೆತುವು. ಜಗತ್ತಿನ ಚಿನ್ನದ ಬಹುಪಾಲು ಇಂಥ ಘರ್ಷಣೆಗಳಲ್ಲಿಯೇ ಹುಟ್ಟಿರಬಹುದೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಮಳವಳ್ಳಿ ಸೀಮೆಯಲ್ಲಿ ಬಿದ್ದ ನೀರಿನ ಬಲದಿಂದ ಅಲ್ಲಿ ಮೇಲೆ ಬಂದ ಚಿನ್ನ, ಭೂಮಿ ಹುಟ್ಟುವುದಕ್ಕೆ ಮೊದಲೇ ಎರಡು ನಕ್ಷತ್ರಗಳು ಹೀಗೆ ಬಿದ್ದು ಕೂಡಿದಾಗ ಆದದ್ದಿರಬಹುದು. ಅಂದು ಆ ಎಡೆಯಿಂದ ಗುರುತ್ವದ ಅಲೆಯೂ ಬೆಳಕಿನ ಅಲೆಯೂ ಜೊತೆಯಾಗಿ ಹೊರಟಿದ್ದುವು.