ದೊಡ್ಡರೋಗವನ್ನು ಗೆದ್ದ ಪಶುವೈದ್ಯ

ಪಟ್ಟಣವಾಸಿಗಳಾದ ನಮಗೆ ದನವೆಂದರೆ ಹಾಲು. ಶ್ರೀರಂಗಪಟ್ಟಣ, ನಾಗಮಂಗಲಗಳ ಸಣ್ಣ ರೈತನಿಗೆ ಒಂದು ಜೊತೆ ಹಳ್ಳಿಕಾರ್ ಎತ್ತುಗಳೇ ಮೂಲಧನವಾಗಿದ್ದಿತು. ಅವನ್ನು ಕೊಳ್ಳಲು ಪಾಂಡವಪುರದ ಬೇಬಿಬೆಟ್ಟ, ಕೃಷ್ಣರಾಜಪೇಟೆಯ ಹೇಮಗಿರಿ ಜಾತ್ರೆಗಳುಂಟು. ಆದರೆ ದನಗಳು ನೆರೆದಲ್ಲಿ ರೋಗವೂ ನೆರೆಯುವುದಷ್ಟೆ. ದೊಡ್ಡರೋಗ ತಗುಲಿದ ಹೋರಿಯೊಂದು ಊರಿಗೆ ಬಂದರೆ ಜ್ವರ, ಬಾಯಿಹುಣ್ಣು, ಭೇದಿ. ಕೆಲವೇ ದಿನಗಳಲ್ಲಿ ಕೊಟ್ಟಿಗೆ ಬರಿದಾಗುತ್ತಿದ್ದಿತು.

ಈ ಪಿಡುಗನ್ನು ನೀಗಿದವರಲ್ಲಿ ಅಗ್ರಗಣ್ಯರು ವಾಲ್ಟರ್ ಪ್ಲೌರೈಟ್. 1923ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಲಂಡನ್ನಿನಲ್ಲಿ ಪಶುವೈದ್ಯವನ್ನು ಕಲಿತು, ಕೀನ್ಯಾದ ಮುಗುಗದಲ್ಲಿ ಸಂಶೋಧನೆಗೆ ತೊಡಗಿದರು. ಆಡಿನಲ್ಲಿ ಬೆಳೆಸಿದ ಚುಚ್ಚುಮದ್ದು ಮೊದಲೇ ಇದ್ದಿತು. ಸೀಮೆಹಸು, ಮಿಶ್ರತಳಿಗಳಿಗೆ ಅದು ಕಟುವಾಗಿದ್ದಿತು. ಇವರು ಸಹೋದ್ಯೋಗಿ ಫೆರಿಸ್‌ರೊಡನೆ ವಿಷಾಣುವನ್ನು ಕರುವಿನ ಮೂತ್ರಪಿಂಡದ ಜೀವಕೋಶಗಳಲ್ಲಿ ಸುಮಾರು 90 ಸಲ ದಾಟಿಸಿ ಬೆಳೆಸಿದರು. ಅದರ ಕ್ರೌರ್ಯ ಅಡಗಿತು, ರಕ್ಷಿಸುವ ಗುಣ ಉಳಿಯಿತು. ಎಂಥ ತಾಳ್ಮೆಯ ಕೆಲಸ! ಬೆಲೆ ಅಲ್ಪ, ರಕ್ಷೆ ದೀರ್ಘಕಾಲದ್ದು, ತಂಪಿನಲ್ಲಿಡಬೇಕೆಂಬುದೊಂದೇ ತೊಡಕು.

ನಮ್ಮ ದೇಶದಲ್ಲಿ 1954ರಲ್ಲಿ ಮೊದಲಾದ ನಿರ್ಮೂಲನ ಕಾರ್ಯವು ಆಡಿನ ಮದ್ದಿನಿಂದ ನಡೆದು, ತರುವಾಯ ಈ ಮದ್ದನ್ನೇ ಅವಲಂಬಿಸಿತು. 1999ರಲ್ಲಿ ಪ್ಲೌರೈಟರಿಗೆ ವಿಶ್ವ ಆಹಾರ ಪ್ರಶಸ್ತಿ ಸಂದಿತು. 2006ರಲ್ಲಿ ಭಾರತವು ರೋಗಮುಕ್ತವೆನಿಸಿತು. 2010ರಲ್ಲಿ ಅವರು ತೀರಿಕೊಂಡರು. ಜಗತ್ತಿನಿಂದಲೇ ದೊಡ್ಡರೋಗ ಅಳಿಯಿತೆಂಬ ಘೋಷಣೆ ಹೊರಟುದು ಮರುವರ್ಷ.